ಹೊಟ್ಟೆಯಮ್ಮನ ಗೀಟುಗಳು

ಒಂದೂರಲ್ಲಿ ಒಂದು ಹೊಟ್ಟೆ ಇತ್ತಂತೆ. ಕೈಯಿಲ್ಲ, ಕಾಲಿಲ್ಲ, ಬರೀ ಹೊಟ್ಟೆ. ನೆಲದಲ್ಲಿ ಹೂತುಕೊಂಡು ಕೂತು, ಜನ ಬೇಡವೆಂದು ಎಸೆದ ಸಿಪ್ಪೆ, ಸಗಣಿ, ಕೊಳೆತದ್ದು, ನಾರಿದ್ದು ಎಲ್ಲವನ್ನೂ ತಿಂದು, ಬದಲಿಗೆ ನೀಲಿ ಬೆಂಕಿ ಕೊಡುತ್ತಿತ್ತಂತೆ. ಅದಕ್ಕೆ ಉಣಿಸುವವಳು ಒಬ್ಬಳೇ. ಅವಳಿಗೆ ಊರವರಿಟ್ಟ ಹೆಸರು ಹೊಟ್ಟೆಯಮ್ಮ.

ಕಥೆ ಅಂತ ನಗಬೇಡಿ. ಆ ಹೊಟ್ಟೆ ತರಕಾರಿ ಮಾರುಕಟ್ಟೆಯ ಹಿಂದೆಯೇ ಇದೆ. ಬೋರ್ಡಿನ ಮೇಲೆ ಅದರ ಹೆಸರು ಜೈವಿಕ ಅನಿಲ ಘಟಕ. ಅದರ ಪೈಪು ಪಕ್ಕದ ಹೆರಿಗೆ ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತದೆ. ಒಂದು ಬೆಳಿಗ್ಗೆ ಬಾಣಂತಿಯರಿಗೆ ಇಟ್ಟ ನೀರು ಇನ್ನೂ ಉಗುರುಬೆಚ್ಚಗಿತ್ತು. ಒಲೆ ಪಕ್ಕನೆ ಆರಿತು.

ಹೊಟ್ಟೆ ಸತ್ತಿತ್ತು.

"ಇವಳೇ ಕೊಂದದ್ದು!" ಎಂದ ಮ್ಯಾನೇಜರ್, ಘಟಕ ನಡೆಸುವ ಸಮಿತಿಯ ಸಭೆಯಲ್ಲಿ. "ನಿನ್ನೆ ಸೋಪಿನ ನೀರು ಸುರಿದಿದ್ದಾಳೆ. ತಪ್ಪಾಯ್ತು ಅಂತ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊರಡಲಿ."

ಹೊಟ್ಟೆಯಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು.

ಆಗ ಬಾಗಿಲು ದಬ್ಬಿಕೊಂಡು ಬಂದವಳು ಅವಳ ನಾದಿನಿ. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಅವಳನ್ನು ಕಂಡರೆ ನೀರು ಬೆರೆಸುವವರ ಕೈಯಲ್ಲಿ ಕ್ಯಾನು ನಡುಗುತ್ತದೆ. ಅತ್ತಿಗೆಯ ಕೈತುತ್ತು ತಿಂದು ಬೆಳೆದವಳು. ಈಗ ಮೈಯೆಲ್ಲ ಕೊತಕೊತ ಕುದಿಯುತ್ತಿತ್ತು.

"ಅತ್ತಿಗೆ, ಒತ್ತಿಬಿಟ್ಯಾ?"

"ಇಲ್ಲ ಕಣೇ. ನಾನಿರೋವರೆಗೂ ನಿನ್ನ ಒಲೆ ಆರಲ್ಲ ಅಂತ ಅಡುಗೆಯಣ್ಣನಿಗೆ ಮಾತು ಕೊಟ್ಟಿದ್ದೆ. ಈಗ ಯಾವ ಮುಖ ತೋರಿಸ್ಲಿ?"

"ಆ ಒಲೆ ನಿನ್ನ ಕೈಯಲ್ಲೇ ಹಚ್ಚಿಸ್ತೀನಿ. ಅಲ್ಲಿವರೆಗೂ ಮುಷ್ಟಿ ಬಿಚ್ಚಬೇಡ."

ಸಮಿತಿಯ ಅಧ್ಯಕ್ಷೆ ನಿವೃತ್ತ ಟೀಚರ್. ಕನ್ನಡಕ ಏರಿಸಿಕೊಂಡರು. "ಮಧ್ಯಾಹ್ನದವರೆಗೆ ಸಮಯ ಕೊಡ್ತೀನಮ್ಮ. ಆದರೆ ಕೂಗಾಡಬಾರದು."

"ಕೂಗಾಡ್ತೀನಿ ಟೀಚರ್. ಕೂಗಾಡ್ಕೊಂಡೇ ಕೇಳ್ತೀನಿ."

ಮೊದಲು ಆಸ್ಪತ್ರೆಯ ಅಡುಗೆಯವನು.

"ಅಡುಗೆಯಣ್ಣ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

"ಚರಂಡಿಗೆ! ನಿಮ್ಮತ್ತಿಗೆ ನನ್ನ ಬಕೆಟ್ ಮೂಸಿ ನೋಡದೆ ತಗೊಂಡದ್ದುಂಟಾ? ಒಂದ್ಸಲ ಸೋಪು ವಾಸನೆ ಬಂತು ಅಂತ ನನ್ನ ಕಾಲ ಮೇಲೇ ಸುರಿದುಬಿಟ್ಟಿದ್ಲು, ಮಹಾತಾಯಿ."

"ಒಲೆ ಯಾವತ್ತಿಂದ ಸಣ್ಣಗಾಯ್ತು?"

"ವಾರದ ಮೇಲಾಯ್ತು."

ವಾರದ ಮೇಲೆ! ಹಾಗಾದರೆ ನಿನ್ನೆ ಸುರಿದಳು ಎನ್ನುವುದು ಎಲ್ಲಿಂದ ಬಂತು?

ನಾದಿನಿ ಎಲ್ಲರನ್ನೂ ಹಿತ್ತಿಲಿಗೆ ಎಳೆದುಕೊಂಡೇ ಹೋದಳು. ಗುಂಡಿಯ ಮೇಲೆ ದೊಡ್ಡ ಕಬ್ಬಿಣದ ಮುಚ್ಚಳ. ಒಳಗೆ ಗ್ಯಾಸ್ ತುಂಬಿದರೆ ಏರುತ್ತದೆ, ಖಾಲಿಯಾದರೆ ಇಳಿಯುತ್ತದೆ. ಈಗ ಅದು ತಳ ಕಚ್ಚಿತ್ತು. ಪಕ್ಕದ ಗೋಡೆಯ ತುಂಬ ಸೀಮೆಸುಣ್ಣದ ಗೀಟುಗಳು.

"ಅದೇನೋ ಗೀಚ್ತಾಳೆ, ಬಿಡಿ," ಎಂದ ಮ್ಯಾನೇಜರ್.

"ಏನಿದು ಅತ್ತಿಗೆ?"

"ದಿನಾ ಬೆಳಿಗ್ಗೆ ಮುಚ್ಚಳ ಎಷ್ಟೆತ್ತರ ಇರುತ್ತೋ ಅಲ್ಲಿಗೊಂದು ಗೀಟು. ಮಗುವಿನ ಎತ್ತರ ಗುರುತು ಹಾಕಲ್ವಾ, ಹಾಗೆ."

ಗೀಟುಗಳೆಲ್ಲ ಎದೆಯೆತ್ತರಕ್ಕೆ ಸಾಲಾಗಿದ್ದವು. ಒಂದು ಕಡೆ ಖಾಲಿ ಜಾಗ. ಅದಾದ ಮೇಲಿನ ಹನ್ನೊಂದು ಗೀಟುಗಳು ಮೆಟ್ಟಿಲಿಳಿದಂತೆ ಇಳಿದಿದ್ದವು.

"ಈ ಖಾಲಿ ದಿನ ಎಲ್ಲಿಗೆ ಹೋಗಿದ್ದೆ?"

ಹೊಟ್ಟೆಯಮ್ಮ ತಲೆ ತಗ್ಗಿಸಿದಳು. "ಬರಬೇಡ ಅಂದ್ರು. ದೊಡ್ಡವರು ಘಟಕ ನೋಡೋಕೆ ಬರ್ತಾರೆ, ನಿನ್ನ ಮೈ ನಾರುತ್ತೆ ಅಂದ್ರು."

ನಾದಿನಿಯ ಕಿವಿ ಕೆಂಪಾಯಿತು. "ಅವತ್ತು ಉಣಿಸಿದ್ದು ಯಾರು ಸಾರ್?"

"ನಾನೇ ನಿಂತು ನೋಡ್ಕೊಂಡೆ," ಮ್ಯಾನೇಜರ್ ಎದೆಯುಬ್ಬಿಸಿದ. "ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಒಂಚೂರೂ ವಾಸನೆ ಇಲ್ವಲ್ಲ ಅಂತ! ನನ್ನ ರೂಮಿನಲ್ಲಿ ಫೋಟೋ ಇದೆ, ನೋಡಿ ಬೇಕಾದ್ರೆ."

"ಬೇಕು."

ಮೇಜಿನ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಫೋಟೋ. ಕಸ ಕಲಸಿ ಗುಂಡಿಗೆ ಬಿಡುವ ತೊಟ್ಟಿಯ ಸುತ್ತ ದೊಡ್ಡವರು ಹಲ್ಲು ಬಿಟ್ಟು ನಿಂತಿದ್ದರು. ಮೂಗಿಗೆ ಕರ್ಚೀಫಿಲ್ಲ. ನಾದಿನಿ ಮುಖಗಳನ್ನು ನೋಡಲಿಲ್ಲ. ತೊಟ್ಟಿಯನ್ನು ನೋಡಿದಳು.

"ಟೀಚರ್, ಸಗಣಿ ಕಲಸಿದ ನೀರು ಯಾವ ಬಣ್ಣ?"

"ಕಂದು. ಹಸಿರು ಮಿಶ್ರ."

"ಇದು?"

ಟೀಚರ್ ಹತ್ತಿರ ಬಂದು ಬಗ್ಗಿದರು. "ಅಯ್ಯೋ. ಹಾಲಿನ ಹಾಗೆ ಬೆಳ್ಳಗಿದೆ!"

"ಹಾಲಲ್ಲ. ಹಾಲಿನ ಬಿಳುಪು ನನಗೆ ಗೊತ್ತು. ನೀರಿಗೆ ಬಿದ್ದ ಕೂಡಲೇ ಹೀಗೆ ಬೆಳ್ಳಗಾಗೋದು ಫಿನಾಯಿಲ್. ಎಷ್ಟು ಸುರಿದ್ರಿ ಸಾರ್?"

"ನಾನ್... ಎರಡೇ ಕ್ಯಾನು. ದೊಡ್ಡವರು ಮೂಗು ಮುಚ್ಕೊಂಡ್ರೆ ಘಟಕದ ಮಾನ ಏನಾಗ್ಬೇಕು?"

"ಮಾನ!" ಅವಳ ಕೂಗಿಗೆ ಕಿಟಕಿ ಗಾಜು ಅದುರಿತು. "ಎಲ್ಲರೂ ನಿನ್ನೆ ಯಾರು ಬಂದ್ರು, ನಿನ್ನೆ ಏನಾಯ್ತು ಅಂತ ಹುಡುಕಿದ್ರಿ. ಕೊಲೆ ಆದದ್ದು ಹನ್ನೆರಡು ದಿನದ ಹಿಂದೆ! ಹೆಪ್ಪು ಹಾಕಿದ ಹಾಲಿಗೆ ಫಿನಾಯಿಲ್ ಬಿಟ್ರೆ ಮೊಸರಾಗುತ್ತಾ ಟೀಚರ್? ಈ ಗುಂಡೀಲೂ ಕಣ್ಣಿಗೆ ಕಾಣದ ಜೀವಗಳಿವೆ. ಕಸವನ್ನ ಗ್ಯಾಸ್ ಮಾಡೋದು ಅವೇ. ಅವು ನರಳಿ ನರಳಿ ಸತ್ತಿವೆ. ಅತ್ತಿಗೆ ಇದ್ದಿದ್ರೆ ಒಂದು ಹನಿ ಬೀಳೋಕೆ ಬಿಡ್ತಿರಲಿಲ್ಲ. ಅದಕ್ಕೇ ಅವಳನ್ನ ಮನೇಲಿ ಕೂರಿಸಿದ್ರು. ನಾರುತ್ತಾಳೆ ಅಂತ! ಆಮೇಲೆ ಹೆಣ ಅವಳ ತಲೆಗೇ ಕಟ್ಟೋಕೆ ಹೊರಟ್ರು. ಕೊಂದವರು ಇವರೇ, ಟೀಚರ್. ಸಾಕ್ಷೀನ ಇವರೇ ಚೌಕಟ್ಟು ಹಾಕಿಸಿ ಇಟ್ಟಿದ್ದಾರೆ."

ಟೀಚರ್ ತಪ್ಪೊಪ್ಪಿಗೆಯ ಕಾಗದವನ್ನು ಮ್ಯಾನೇಜರ್ ಕಡೆಗೆ ಸರಿಸಿದರು. "ಹೆಸರು ತಿದ್ದಿ, ಸಹಿ ಹಾಕಿ. ನಿಮಗೆ ಬರೆಯೋಕೆ ಬರುತ್ತಲ್ಲ."

ಆಮೇಲೆ ಹೊಟ್ಟೆಯಮ್ಮನ ಕಡೆ ತಿರುಗಿ, "ತಪ್ಪಾಯ್ತಮ್ಮ," ಎಂದರು. ಅವಳು ಸಲಿಕೆ ತಗೊಂಡು ಹಿತ್ತಿಲಿಗೆ ನಡೆದಳು.

ಗುಂಡಿ ಬರಿದು ಮಾಡಿ ತೊಳೆಯಲು ನಾಲ್ಕು ದಿನ ಹಿಡಿಯಿತು. ಗಾಡಿಗಟ್ಟಲೆ ಹೊಸ ಸಗಣಿ ಬಂತು. ಇಪ್ಪತ್ತು ದಿನ ಗೀಟು ಮೇಲೇಳಲೇ ಇಲ್ಲ. ನಾದಿನಿ ಕೆಲಸ ಮುಗಿಸಿ ಬಂದು ದಿನವೂ ಗೋಡೆಯನ್ನು ಗುರಾಯಿಸಿ ಹೋಗುತ್ತಿದ್ದಳು. ಇಪ್ಪತ್ತೊಂದನೆಯ ದಿನ ಒಂದು ಬೆರಳು. ಆಮೇಲೆ ಗೇಣು. ಆಮೇಲೆ ಮೊಳ.

ಗೀಟು ಎದೆಯೆತ್ತರಕ್ಕೆ ಬಂದ ಬೆಳಿಗ್ಗೆ ಅಡುಗೆಯವನು ನೀರು ತುಂಬಿದ ಹಂಡೆಯನ್ನು ಒಲೆಯ ಮೇಲಿಟ್ಟು ಕಾದಿದ್ದ. "ಬಾರಮ್ಮ, ಮಹಾತಾಯಿ. ಸೋಪು ವಾಸನೆ ಇಲ್ಲ, ಮೂಸಿ ನೋಡು."

ನಾದಿನಿ ಬೆಂಕಿಪೊಟ್ಟಣ ಮುಂದೆ ಹಿಡಿದಳು. ಹೊಟ್ಟೆಯಮ್ಮ ಮುಷ್ಟಿ ಬಿಚ್ಚಿದಳು. ಕಡ್ಡಿ ಗೀರಿದಳು.

ಒಲೆ ಹೊತ್ತಿಕೊಂಡಿತು, ನೀಲಿಯಾಗಿ.