ಕೆಂಚಿ ಬಿಟ್ಟ ಮಣಿಗಳು

ಬಹಳ ಬಹಳ ಹಿಂದೆ, ಬೆಟ್ಟದಂಥ ಒಂದು ಆನೆಯ ಮೈಯೊಳಗೆ ಒಂದು ರಾಜ್ಯವಿತ್ತು. ನಡುವೆ ಕೆಂಪು ಹೊಳೆ, ದಡದುದ್ದಕ್ಕೂ ಲೆಕ್ಕವಿಲ್ಲದಷ್ಟು ಮನೆ. ದೊಡ್ಡವರಾಗಿ ಒಂದು ಸಲ ತಮ್ಮ ಮನೆ ಸೇರಿದವರು ಮತ್ತೆ ಹೊಸ್ತಿಲು ದಾಟುವಂತಿಲ್ಲ. ಕೂಗಿದರೆ ಕೇಳುವುದೂ ಇಲ್ಲ. ಸುದ್ದಿಯೆಲ್ಲ ಮಣಿಗಳದ್ದೇ. ಹೊಳೆಗೆ ಬಿಟ್ಟ ಮಣಿ ತೇಲಿ ಹೋಗಿ, ತನಗೆ ಹೊಂದುವ ಗೂಡಿದ್ದ ಗೋಡೆಯಲ್ಲಿ ಕೂರುತ್ತಿತ್ತು. ಅದು ಒಳಗೆ ಹೋಗುತ್ತಿರಲಿಲ್ಲ. ಕೂತೊಡನೆ ಗೋಡೆ ನಡುಗುತ್ತಿತ್ತು, ಒಳಗಿನವರು ಒಬ್ಬರಿಗೊಬ್ಬರು ಹೇಳಿಕೊಂಡು ಕೆಲಸಕ್ಕೆ ಏಳುತ್ತಿದ್ದರು. ಆಮೇಲೆ ಮಣಿ ಸಡಿಲವಾಗಿ ಮುಂದಿನ ಮನೆಯ ಗೋಡೆಗೆ ತೇಲುತ್ತಿತ್ತು.

ನಡುಗಡ್ಡೆಯಲ್ಲಿ ಕೆಂಚಿ ಎಂಬವಳಿದ್ದಳು. ಆ ನಾಡಿನ ಊಟ ಬೆಲ್ಲ. ಹೊಳೆ ಸಿಹಿಯಾದಾಗ 'ಬೆಲ್ಲ ಬಂದಿದೆ, ಬಾಗಿಲು ತೆಗೆಯಿರಿ' ಎಂಬ ಮಣಿ ಬಿಡುವುದು ಅವಳ ಕೆಲಸ. ಮಣಿಗೆ ತನ್ನ ಮೈಯ ಸಾರವನ್ನೇ ಹಾಕಬೇಕು, ದಿನಕ್ಕೆ ಹತ್ತಾದರೆ ಹೆಚ್ಚು. ಅವಳ ಒಬ್ಬಳೇ ತಂಗಿ ನೀಲಿಯನ್ನು ದೂರದ ತೊಡೆನಾಡಿಗೆ ಮದುವೆ ಮಾಡಿ ಕೊಟ್ಟಿದ್ದರು.

ಹೊಳೆಯ ತಳದಲ್ಲಿ ಮಾರಂಡನೆಂಬ ಮಂತ್ರವಾದಿ ಸೇರಿಕೊಂಡ. ಬಾಗಿಲುಗಳು ತೆರೆಯದಿದ್ದರೆ ಬೆಲ್ಲವೆಲ್ಲ ತನಗೇ ಎಂದು ಸುಳ್ಳು ಮಣಿಗಳನ್ನು ಊದಿಬಿಟ್ಟ. ಅವು ಗೂಡುಗಳಲ್ಲಿ ಸರಿಯಾಗಿ ಕೂತವು, ಗೋಡೆ ಮಾತ್ರ ನಡುಗಲಿಲ್ಲ. ಬಾಗಿಲ ಮುಂದೆ ಬೆಲ್ಲದ ರಾಶಿ, ಒಳಗೆ ಹಸಿವು. ಎಂಥ ಪಾಪಿ ಅವನು!

ಕೆಂಚಿ ಮೊದಲ ದಿನ ಎಂದಿನಂತೆ ಹತ್ತು ಮಣಿ ಬಿಟ್ಟಳು. ನೀರು ಇನ್ನಷ್ಟು ಸಿಹಿಯಾಯಿತು. ಯಾರೂ ಬಾಗಿಲು ತೆಗೆದಿಲ್ಲ, ತಂಗಿಯೂ ಉಂಡಿಲ್ಲವೆಂದು ಅವಳ ಎದೆ ಒಡೆಯಿತು. ಎರಡನೆಯ ದಿನ, ನೀಲಿಗೆ ಖಂಡಿತ ತಿಳಿಯಲಿ ಎಂದು ನಿಂಬೆಹಣ್ಣಿನಷ್ಟು ದೊಡ್ಡ ಮಣಿ ಮಾಡಿ ಬಿಟ್ಟಳು. ಅದು ಯಾವ ಗೂಡಿಗೂ ಹೊಂದದೆ ತೇಲಿ ಹೋಯಿತು. ಅಕ್ಕರೆ ಹೆಚ್ಚಾಗಿ ಅಳತೆ ತಪ್ಪಿತ್ತು.

ಗೋಡೆ ಕೂಡಿದ ಮನೆಗಳ ನಡುವೆ ಮಾತ್ರ ಕಿಂಡಿಯಿತ್ತು. ಅದರಿಂದ ಪಕ್ಕದ ಬೋರಜ್ಜಿ ಹೇಳಿದಳು: "ಗೂಡಲ್ಲಿ ಕಳ್ಳಮಣಿ ಕೂತಿರಬೇಕು ಕಣೇ. ಅದೂ ಒಂದು ಗಳಿಗೆ ಸಡಿಲ ಆಗುತ್ತೆ. ಆಗ ಎದುರಿಗೆ ಯಾವ ಮಣಿ ಜಾಸ್ತಿ ಇರುತ್ತೋ ಅದೇ ಕೂರೋದು."

"ಹಾಗಾದ್ರೆ ಸಾವಿರ ಬಿಡ್ತೀನಿ ಅಜ್ಜಿ."

"ಸತ್ತುಹೋಗ್ತೀಯ."

"ನೀಲಿ ಉಣ್ಣಲಿ."

ಮೂರನೆಯ ದಿನ ಹೊಳೆ ಕಾಣದಷ್ಟು ಮಣಿ ಬಿಟ್ಟಳು. ಸುಳ್ಳು ಮಣಿ ಸಡಿಲವಾದಲ್ಲೆಲ್ಲ ನಿಜದ ಮಣಿ ಕೂತಿತು. ಗೋಡೆಗಳು ನಡುಗಿದವು, ಬಾಗಿಲುಗಳು ತೆರೆದವು. ಕೆಂಚಿ ಒಂದು ಬೊಗಸೆ ನೀರು ಕುಡಿದು ನೋಡಿದಳು. ಸಿಹಿ ಇಳಿದಿತ್ತು. ಅಲ್ಲೇ ಒರಗಿ ಕಣ್ಣು ಮುಚ್ಚಿದಳು.

ಹೊಳೆಯಲ್ಲಿ ಬೆಲ್ಲ ಉಳಿಯದೆ ಮಾರಂಡ ಹಸಿದು ಸತ್ತ. ಮರುದಿನದಿಂದ ಕೆಂಚಿಯ ಬದಲು ಬೋರಜ್ಜಿ ಮಣಿ ಬಿಡತೊಡಗಿದಳು. ತೊಡೆನಾಡಿನಲ್ಲಿ ನೀಲಿ ಬಾಯಿತುಂಬ ಬೆಲ್ಲ ತುಂಬಿಕೊಂಡು ಗಂಡನೆದುರು, "ನಮ್ಮಕ್ಕನಿಗೆ ಈಗ ನೆನಪಾಯ್ತು ನೋಡಿ! ಎಷ್ಟು ತಡ ಮಾಡಿದ್ಲು" ಎಂದು ಬೈದಳು.

ನಾಡೆಲ್ಲ ಹೊಟ್ಟೆತುಂಬ ಉಂಡು ಸುಖವಾಗಿ ಬಾಳಿತು. ಕೆಂಚಿ ಸತ್ತಳೆಂದು ಹೇಳುವ ಮಣಿ ಆ ರಾಜ್ಯದಲ್ಲಿ ಇರಲಿಲ್ಲ.