ಧೂಪ ಹಿಡಿಸಿದ ಶಿರಸ್ತ್ರಾಣ

ನಡೆದಷ್ಟನ್ನೇ ಹೇಳುತ್ತೇನೆ. ಮಾಂಟ್ ಕಿಯಾರಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯವರು ಜಪಾನಿನ ಮುದುಕರು, ಮೊರಿ. ಅವರ ಪೂರ್ವಜನೊಬ್ಬ ಸಮುರಾಯ್ ದೊರೆ. ಸಾವು ಖಚಿತವಾದ ಯುದ್ಧಕ್ಕೆ ಹೊರಟಾಗ, ತನ್ನ ತಲೆ ಕಡಿದೊಯ್ಯುವ ಶತ್ರುವಿಗೆ ಹೇಸಿಗೆಯಾಗಬಾರದೆಂದು ತನ್ನ ಶಿರಸ್ತ್ರಾಣಕ್ಕೆ ಧೂಪದ ಹೊಗೆ ಹಿಡಿಸಿಕೊಂಡಿದ್ದನಂತೆ.

ಆ ಶಿರಸ್ತ್ರಾಣ ಈಗಲೂ ಮೊರಿಯವರ ಮನೆಯಲ್ಲಿದೆ. ನನ್ನ ಗಂಡ ಫೌಸ್ಟಿನ್ ಒಂದು ಸಂಜೆ ಅಲ್ಲಿ ತಮಾಷೆಗೆ ಅದನ್ನು ತಲೆಗಿಟ್ಟುಕೊಂಡರು.

"ಒಳಗೆ ಏಸಿ ಹಾಕಿದ ಹಾಗಿದೆ ಮಾರಾಯ್ತಿ."

ಮೊರಿ ನಗಲಿಲ್ಲ.

ಮರುದಿನ ಕೆಲಸಕ್ಕೆ ಹೊರಟವರ ಹಣೆಗೆ ಶಿಲುಬೆಯ ಗುರುತು ಹಾಕುವಾಗ ಕೂದಲಿನಿಂದ ಧೂಪದ ಪರಿಮಳ ಬಂತು. ಹೆದರಿ ಕಾರಿನ ಕೀ ಬಚ್ಚಿಟ್ಟೆ.

"ಮುದುಕನ ಕಥೆಗೆ ಎಷ್ಟು ದಿನ ರಜೆ ಹಾಕ್ಲಿ?" ಎಂದು ರೇಗಿದರು.

ದಿನಗಳು ಕಳೆದರೂ, ಎಷ್ಟು ತೊಳೆದರೂ ಪರಿಮಳ ಹೋಗಲಿಲ್ಲ. ಇವತ್ತು ಕೀ ಕೊಟ್ಟು, ಯೇಸುವಿಗೆ ಒಪ್ಪಿಸಿ ಕಳುಹಿಸಿದೆ. ಲಿಫ್ಟಿನ ಬಳಿ ಮೊರಿ, ದೊರೆಯನ್ನು ಬೀಳ್ಕೊಡುವವರಂತೆ ಸೊಂಟ ಬಗ್ಗಿಸಿ ಅವರಿಗೆ ವಂದಿಸಿದರು. ಬಾಗಿಲು ಮುಚ್ಚಿದ ಮೇಲೂ ತಲೆ ಎತ್ತಲಿಲ್ಲ.