ಹೆಬ್ಬೆಟ್ಟಿನ ಕಳ್ಳ ಕಲಮು

"ಏ ತಡೀ! ಆ ಪೇರಲಹಣ್ಣು ಯಾರಿಗೂ ಕೊಡಬ್ಯಾಡ! ನಿನ್ನ ಬುಟ್ಟಿಯಾಗ ನನ್ನ ಬಾಳೇ ಬಿದ್ದದ!"

ವಾಡಿ ಜಂಕ್ಷನ್ನಿನಲ್ಲಿ ಆ ಕೂಗು ಎದ್ದ ಹೊತ್ತಿಗೆ ಮದ್ರಾಸ್ ಮೇಲ್ ರೈಲು ಸೀಟಿ ಹೊಡೆಯುವುದನ್ನೇ ಮರೆತು ನಿಂತುಬಿಟ್ಟಿತು. ನಂಬದವರು ಆ ಇಂಜಿನ್ನನ್ನೇ ಕೇಳಬಹುದು!

ಹೀರಾಬಾಯಿ ಬುಟ್ಟಿಯನ್ನು ಎದೆಗವುಚಿಕೊಂಡು ಗರ್ರನೆ ತಿರುಗಿದಳು.

ಶಹಾಬಾದದ ಹತ್ತಿರ ಕಾಗಿಣಾ ಹೊಳೆಯ ದಂಡೆಯಲ್ಲಿ ದೋಣಿ ನಡೆಸುವ ಮನೆತನದ ಹುಡುಗಿ ಈಕೆ. ದಿನವೂ ರೈಲು ಹತ್ತಿ ಬಂದು ವಾಡಿಯಲ್ಲಿ ಹಣ್ಣು ಮಾರುತ್ತಿದ್ದಳು. ಆಕೆಯ ಕಣ್ಣುಗಳೇನು ಸಾಮಾನ್ಯವೇ? ಅವನ್ನು ನೋಡಿದ ಟಿಕೆಟ್ ಬಾಬು ಒಮ್ಮೆ ಟಿಕೆಟು ಬಿಟ್ಟು ತನ್ನ ಕೋಟಿನ ತೋಳಿಗೇ ತೂತು ಹಾಕಿಕೊಂಡಿದ್ದ!

ಎದುರಿಗೆ ನಿಂತಿದ್ದವನು ಸಾಯಬಣ್ಣ. ಅವನೂ ಹೊಳೆದಂಡೆಯ ಮಂದಿಯವನೇ. ಆದರೆ ದೋಣಿಯ ಹುಟ್ಟು ಬಿಟ್ಟು ಶಹಾಬಾದದ ಕಲ್ಲಿನ ಅಡ್ಡೆಯಲ್ಲಿ ಹಾಸುಗಲ್ಲು ತಿಕ್ಕುವ ಕೆಲಸಕ್ಕೆ ಸೇರಿದ್ದ. ತಲೆಯಿಂದ ಕಾಲಿನ ತನಕ ಕಲ್ಲಿನ ಹಿಟ್ಟು.

"ಬಾಳು ಬುಟ್ಟಿಯಾಗ ಹ್ಯಾಂಗ ಬೀಳ್ತದ್ರಿ?" ಹೀರಾ ಹುಬ್ಬು ಹಾರಿಸಿದಳು. "ಹಣ್ಣು ಬೇಕಂದ್ರ ಸೀದಾ ಕೇಳ್ರಿ. ನಾಟಕ ಬ್ಯಾಡ."

ಅವನು ಹಣ್ಣುಗಳ ನಡುವೆ ಕೈಯಾಡಿಸಿದ. ಅವನ ಬೆರಳು ಆಕೆಯ ಬೆರಳಿಗೆ ತಾಗಿತು...

ಅಯ್ಯೋ! ಇದೇನು ಎದೆ ಹೀಗೆ ಹೊಡೆದುಕೊಳ್ಳುತ್ತಿದೆ?

ಕೊನೆಗೆ ಅಕ್ಕಿಕಾಳಿನಷ್ಟು ಚಿಕ್ಕ ತಗಡಿನ ಚೂರೊಂದನ್ನು ಎತ್ತಿ ಹಿಡಿದ. ಅದರ ತುದಿಯಲ್ಲಿ ಪೆನ್ಸಿಲಿನ ಕಪ್ಪು ಸೀಸ.

ಪಕ್ಕದಲ್ಲಿ ಬೊಂಬಾಯಿಯ ಜಾದೂ ಸಾಮಾನಿನ ಟ್ರಂಕು ತೆರೆದು ಕುಳಿತಿದ್ದ ಫಕೀರಸಾಬ ಗಹಗಹಿಸಿ ನಕ್ಕ. "ಹೆದರಬ್ಯಾಡ ಬೇಟಿ. ಇದು ಚೋರ್ ಕಲಮು. ಜಾದೂಗಾರ ಮೊದಲ ಚೀಟಿ ಮ್ಯಾಲ ಬರದಂಗ ಮಾಡ್ತಾನ, ಆದ್ರ ಏನೂ ಬರಿಯಂಗಿಲ್ಲ. ನೀ ಮನಸ್ಸಿನ ಮಾತು ಬಾಯಿಬಿಟ್ಟು ಹೇಳಿದ ಮ್ಯಾಲ, ಹೆಬ್ಬೆಟ್ಟಿನ ಈ ಕಲಮಿಲೆ ಗಪ್‌ಚುಪ್ ಬರದು ತೋರಸ್ತಾನ. ಮಂದಿ ಏನಂತಾರ? ವ್ಹಾ, ಮನಸ್ಸು ಓದಿದ!"

"ಚಾಚಾ! ಗುಟ್ಟು ಹೇಳೇಬಿಟ್ರಲ್ಲ!" ಸಾಯಬಣ್ಣ ತಲೆ ಹಿಡಿದುಕೊಂಡ.

"ಗುಟ್ಟು ಅದು ನಿನ್ನ ಉಗುರಿನ್ಯಾಗ ನಿಲ್ಲಬೇಕಲ್ಲಪ್ಪ!"

ನಿಲ್ಲುವುದಾದರೂ ಹೇಗೆ? ಉಗುರಿನ ಸಂದಿಗೆ ಸಿಕ್ಕಿಸುವ ಕಲಮು ಅದು. ಹಗಲೆಲ್ಲ ನೀರು, ಉಸುಕು ಹಾಕಿ ಕಲ್ಲು ತಿಕ್ಕಿ ಸಾಯಬಣ್ಣನ ಉಗುರು ಹುಣ್ಣಿಮೆ ಕಳೆದ ಚಂದ್ರನಂತೆ ಸವೆದುಹೋಗಿತ್ತು. ಜಾದೂ ಕಲಿಯುವ ಹುಚ್ಚಿನಲ್ಲಿ ಹಾಕಿ ನೋಡುತ್ತಿದ್ದಾಗ ಕಲಮು ಹಾರಿ ಬುಟ್ಟಿಗೆ ಬಿದ್ದದ್ದು ಅದಕ್ಕೇ.

"ಮೊದಲ ಕಲಮು ಅಂದ್ರ ಚಪ್ಪಲಿ ಇದ್ದಂಗ ಬೇಟಾ," ಫಕೀರಸಾಬ ಟ್ರಂಕು ಕೆದಕಿದ. "ಮಂದೀ ಕಾಲಿಗಿ ಚೆಂದ ಕಂಡಿದ್ದು ನಿನ್ನ ಕಾಲು ಕಚ್ಚತದ. ಇದು ನೋಡು, ಮೇಣದಿಲೆ ಅಂಟಸೋದು."

"ಶಹಾಬಾದದ ಬಿಸಲಿಗಿ ಮನಿಶ್ಯಾರೇ ಕರಗ್ತಾರ, ಮೇಣ ಉಳೀತದೇನ್ರಿ ಚಾಚಾ?" ಹೀರಾ ಬಾಯಿ ಹಾಕಿದಳು.

ಸಾಯಬಣ್ಣ ಆಕೆಯನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಬುಟ್ಟಿಯಲ್ಲಿದ್ದ ಪೇರಲಕಾಯಿಗಳೆಲ್ಲ ಹಣ್ಣಾದವು!

ಕೊನೆಗೆ ಉಳಿದದ್ದು ಹೆಬ್ಬೆಟ್ಟಿನ ಮೆತ್ತಗಿನ ಭಾಗಕ್ಕೆ ಹಾಕುವ, ಸೀಸದ ತುದಿಯ ತೆಳು ತಗಡಿನ ಪಟ್ಟಿ. ಉಗುರಿನ ಹಂಗಿಲ್ಲ. ಆದರೆ ಅದಕ್ಕೆ ಬಳಿದಿದ್ದು ಸಾಹೇಬರ ಮೈಯ ಗುಲಾಬಿ ಬಣ್ಣ! ಸಾಯಬಣ್ಣನ ಹೆಬ್ಬೆಟ್ಟಿನ ಮೇಲೆ ಅದು ಚಿತ್ತಾಪುರದ ತನಕ ಕಾಣುವಂತಿತ್ತು.

ಹೀರಾ ನಕ್ಕಳು. ಅವನ ಅಂಗಿಯ ಮೇಲಿದ್ದ ಕಲ್ಲಿನ ಹಿಟ್ಟನ್ನು ಒಂದು ಚಿಟಿಕೆ ತೆಗೆದುಕೊಂಡು, ಎರಡು ಹನಿ ನೀರು ಬೆರೆಸಿ, ಅವನ ಹೆಬ್ಬೆಟ್ಟಿನ ಮೇಲೂ ಪಟ್ಟಿಯ ಮೇಲೂ ಸವರಿದಳು. ಎರಡೂ ಒಂದೇ ಬಣ್ಣವಾದವು.

"ಈಗ ನೋಡ್ರಿ. ಕಲ್ಲಿನವರ ಕೈಯಾಗ ಹಿಟ್ಟು ಕಂಡ್ರ ಯಾರು ಕೇಳ್ತಾರ?"

"ನಿನ್ನ... ನಿನ್ನ ಹೆಸರು?" ಅವನು ಹೆಬ್ಬೆಟ್ಟು ನೋಡುವುದು ಬಿಟ್ಟು ಆಕೆಯನ್ನೇ ನೋಡುತ್ತ ಕೇಳಿದ.

"ಮನಸ್ಸು ಓದವ್ರು ನೀವು. ಓದ್ಕೊಳ್ರಿ!"

* * *

ಅಂದಿನಿಂದ ಕೆಲಸ ಮುಗಿದ ಮೇಲೆ ಸಾಯಬಣ್ಣನಿಗೆ ವಾಡಿಯೇ ಊರು, ಹೀರಾಳ ಬುಟ್ಟಿಯ ಪಕ್ಕವೇ ಮನೆ.

"ಸಿಕ್ಕಿಬಿದ್ರಿ! ಬೆಟ್ಟು ಬರಿಯೋ ಮುಂದ ನಿಮ್ಮ ಹೆಗಲೂ ಬರೀತದ," ಅವನ ಅಭ್ಯಾಸ ನೋಡುತ್ತ ಹೀರಾ ಅನ್ನುತ್ತಿದ್ದಳು.

"ಈಗ?"

"ಈಗ ಹೆಗಲು ಸುಮ್ನದ, ನಾಲಿಗಿ ಹೊರಗ ಬಂದದ!"

ಊರ ಸಾಲೆಯ ಗುರುರಾಜ ಮಾಸ್ತರರ ಹತ್ತಿರ ಅವನು ಕಲಿತ ಅಕ್ಷರಗಳು ಮೊದಮೊದಲು ಎತ್ತು ತುಳಿದ ಹೊಲದಂತೆ ಕಂಡವು. ದಿನ ಕಳೆದಂತೆ ಹೆಬ್ಬೆಟ್ಟು ಪಳಗಿತು.

"ಸೇಡಂನ ಮಡಿವಾಳಯ್ಯನ ಜಾದೂ ಖೇಲ್ ಕಂಪನಿ ಶಹಾಬಾದಕ್ಕ ಬರ್ಲಿಕತ್ತದ, ಹೀರಾ," ಒಂದು ದಿನ ಹೇಳಿದ. "ನನ್ನ ಖೇಲು ಮೆಚ್ಚಿದ್ರ ಕಂಪನಿಗಿ ಸೇರಸ್ಕೋತಾನ. ಹೈದ್ರಾಬಾದ, ಔರಂಗಾಬಾದ... ಈ ಹಿಟ್ಟು ನುಂಗೋದು ತಪ್ಪತದ!"

"ಭಾಳ ಚೊಲೋ ಆತು," ಎಂದಳು.

ಅಂದು ಅವನ ಹೆಬ್ಬೆಟ್ಟು ಬರೆದದ್ದು ಆಕೆಯ ಕಣ್ಣಿಗೂ ಕಾಣಲಿಲ್ಲ, ಕೈ ಅಷ್ಟು ಸಲೀಸಾಗಿತ್ತು.

ನಾನೇ ಬಣ್ಣ ಹಚ್ಚಿಕೊಟ್ಟ ಕಲಮು... ಅದೇ ಇವರನ್ನು ನನ್ನಿಂದ ದೂರ ಒಯ್ಯುತ್ತದಲ್ಲ! ಹೋಗುವ ಮುಂಚೆ ನನ್ನ ಮನಸ್ಸನ್ನೂ ಒಮ್ಮೆ ಓದಬಾರದೇ?

* * *

ಖೇಲಿನ ದಿನ ಸಂಜೆ ಕಲ್ಲಿನ ಅಡ್ಡೆಯಲ್ಲಿ ನಿಜಾಮರ ಫೌಜಿಗಿಂತ ಹೆಚ್ಚು ಮಂದಿ ಸೇರಿದ್ದರು! ಮುಂದಿನ ಸಾಲಿನಲ್ಲಿ ಕಂಪನಿಯ ಮಾಲಕ ಮಡಿವಾಳಯ್ಯ, ಮೀಸೆ ತೀಡುತ್ತ.

ಸಾಯಬಣ್ಣ ಹೀರಾಳನ್ನು ಕರೆದು ನಿಲ್ಲಿಸಿದ. ಇಬ್ಬರ ನಡುವೆ ಮಾತಾಗಿತ್ತು: ಅವನು ಬರೆದು ಪಳಗಿದ್ದ ಹೆಸರನ್ನೇ, ಆಕೆಯ ಅವ್ವನ ಹೆಸರು ಬಸ್ಸಮ್ಮ ಎಂಬುದನ್ನೇ, ಆಕೆ ಹೇಳಬೇಕು.

ಅವನು ಚೀಟಿಯ ಮೇಲೆ ಬರೆದಂತೆ ಮಾಡಿದ. "ಈಕಿ ಮನಸ್ಸಿನ್ಯಾಗಿದ್ದ ಹೆಸರು ಬರದೀನಿ ನೋಡ್ರಿ!"

"ಎಲ್ಲಾ ಸುಳ್ಳ!" ಹಿಂದಿನಿಂದ ಒಬ್ಬ ಕೂಗಿದ. "ಇಬ್ರೂ ದಿನಾ ವಾಡಿಯಾಗ ಕುಂತು ಗುಸುಗುಸು ಮಾಡ್ತಾರ! ಮೊದಲೇ ಮಾತಾಡ್ಕೊಂಡಾರ!"

ಮಂದಿ ನಕ್ಕರು. ಮಡಿವಾಳಯ್ಯನ ಹುಬ್ಬು ಮೇಲೇರಿತು.

ಸಾಯಬಣ್ಣನ ಮುಖ ಕೆಂಪೇರಿತು. ಹುಮ್ಮಸ್ಸಿನಲ್ಲಿ ಎದೆ ತಟ್ಟಿ ಗುಡುಗಿದ.

"ಹೀರಾ! ಕಾಗಿಣಾ ತಾಯಿ ಆಣಿ! ನಿನ್ನ ಮನಸ್ಸಿನ್ಯಾಗ ಖರೇ ಖರೇ ಯಾರು ಕುಂತಾರೋ, ಅವರ ಹೆಸರೇ ಹೇಳು!"

ಹೀರಾ ಒಂದು ಹೆಜ್ಜೆ ಹಿಂದೆ ಸರಿದಳು.

ಹೊಳೆದಂಡೆಯವರಿಗೆ ಹೊಳೆಯ ಆಣೆ ಎಂದರೆ ಆಟವಲ್ಲ. ಸುಳ್ಳು ಹೇಳಿದರೆ ಮನೆಯ ದೋಣಿ ದಂಡೆಗೆ ಮರಳುವುದಿಲ್ಲ ಎಂಬ ನಂಬಿಕೆ. ಆಕೆಯ ಅಣ್ಣ ಆ ಹೊತ್ತಿಗೂ ಹೊಳೆಯಲ್ಲಿದ್ದ!

ಅವ್ವನ ಹೆಸರು ಹೇಳಿದರೆ ಅದು ಸುಳ್ಳು. ಖರೇ ಹೆಸರು...

ಖರೇ ಹೆಸರನ್ನು ಹೇಗೆ ಹೇಳಲಿ? ಗಂಡನೆಂದು ಮನಸ್ಸು ಒಪ್ಪಿದವನ ಹೆಸರನ್ನು ಹೆಣ್ಣು ಬಾಯಿಬಿಟ್ಟು ಹೇಳುವುದುಂಟೇ? ಅವ್ವ ಇವತ್ತಿಗೂ ಅಪ್ಪನನ್ನು 'ಹೀರಾನ ಅಪ್ಪ' ಎಂದೇ ಕರೆಯುತ್ತಾಳೆ!

ತುಟಿಗಳು ಹೊಲಿದುಕೊಂಡವು. ಕಣ್ಣು ನೆಲಕ್ಕಿಳಿದವು. ಕೈ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿಯಿತು.

"ಹೇಳು ಹೀರಾ..."

ಖಾಲಿ ಚೀಟಿಯ ಮೇಲೆ ಹೆಬ್ಬೆಟ್ಟು ಕಾಯುತ್ತಿತ್ತು. ಸಾಯಬಣ್ಣನ ಹಣೆಯ ಬೆವರು ಕಾಗಿಣೆಗೆ ಮಹಾಪೂರ ಬರುವಷ್ಟು ಹರಿಯಿತು.

"ಮನಸ್ಸು ಓದೋದು ಇರ್ಲಿ ತಮ್ಮಾ," ಮಡಿವಾಳಯ್ಯ ಎದ್ದು ನಿಂತ. "ಮೊದಲ ಹುಡುಗೀ ಬಾಯಿ ತೆರಸೋದು ಕಲಿ!"

ಆ ನಗೆಗೆ ಅಡ್ಡೆಯ ಹಾಸುಗಲ್ಲುಗಳು ಬಿರುಕು ಬಿಟ್ಟವು. ಅವುಗಳಿಗಿಂತ ಮೊದಲು ಬಿರುಕು ಬಿಟ್ಟದ್ದು ಎರಡು ಎದೆಗಳು.

ಮಂದಿ ಚದುರಿದ ಮೇಲೆ ಅವನು ಆಕೆಯ ಎದುರು ಬಂದು ನಿಂತ.

"ನಿನ್ನ ಮನಸ್ಸಿನ್ಯಾಗ ಬ್ಯಾರೆ ಯಾರೋ ಅದಾನ. ಅವನ ಹೆಸರು ಮುಚ್ಚಲಿಕ್ಕ ಹೋಗಿ ನನ್ನ ಬಾಳು ಮುಳುಗಸಿದಿ."

"ಬ್ಯಾರೆ ಯಾರೂ ಇಲ್ರಿ..."

"ಹಂಗಾದ್ರ ಯಾರು? ಈಗರೆ ಹೇಳು!"

ಹೀರಾ ಸೆರಗನ್ನು ಬಾಯಿಗೊತ್ತಿಕೊಂಡಳು. ಕಣ್ಣೀರು ಮಾತ್ರ ಇಳಿಯುತ್ತಿತ್ತು.

ಸಾಯಬಣ್ಣ ಬೆನ್ನು ತಿರುಗಿಸಿ ನಡೆದುಬಿಟ್ಟ.

* * *

ಆಮೇಲೆ ವಾಡಿಗೆ ಎಷ್ಟೋ ರೈಲು ಬಂದವು. ಒಂದರಿಂದಲೂ ಅವನು ಇಳಿಯಲಿಲ್ಲ.

ಹೀರಾಳ ನಿಟ್ಟುಸಿರಿಗೆ ಬುಟ್ಟಿಯ ಹಣ್ಣುಗಳು ಬಾಡುತ್ತಿದ್ದವು. ಸೇಡಂ ಕಡೆಯ ಹಳಿಗಳನ್ನೇ ನೋಡುತ್ತ ಗಿರಾಕಿಗಳಿಗೆ ಹಣ್ಣಿನ ಬದಲು ಖಾಲಿ ಕೈ ಚಾಚುತ್ತಿದ್ದಳು. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಅವನು ಒಬ್ಬನೇ ಖೇಲು ಮಾಡುತ್ತಿದ್ದಾನೆಂದು ಫಕೀರಸಾಬ ಹೇಳಿದ್ದ.

ಅಲ್ಲಿ ಯಾರ ಮನಸ್ಸು ಓದುತ್ತಿದ್ದಾರೋ... ನನ್ನದು ಹಾಳೆ ತೆರೆದುಕೊಂಡೇ ಇತ್ತಲ್ಲ!

ಒಂದು ದಿನ ಬಸ್ಸಮ್ಮ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು. "ಭಂಕೂರದ ಭೀಮಶಾಗ ನಿನ್ನ ಲಗ್ನ ಮಾಡಿ ತರತೀವಿ ಅಂತ ಅವರ ಮನಿಯವರು ಅಂತಾರ. ನಿನ್ನ ಮನಸ್ಸಿನ್ಯಾಗ ಬ್ಯಾರೆ ಯಾರರ ಇದ್ರ ಹೆಸರು ಹೇಳವ್ವ."

ಹೀರಾಳ ತುಟಿ ಬಿಗಿಯಿತು.

ಬಸ್ಸಮ್ಮನ ಕೈ ನಿಂತಿತು. "ಹೇಳಲಿಕ್ಕ ಆಗಂಗಿಲ್ಲೇನು?... ಹಂಗಾದ್ರ ತಿಳೀತು ಬಿಡು."

ಹೆತ್ತವಳಿಗೆ ಒಂದು ಗಳಿಗೆ ಸಾಕಾಯಿತು! ಊರಿನ ಮನಸ್ಸನ್ನೆಲ್ಲ ಓದುತ್ತೇನೆಂದು ತಿರುಗುವವನಿಗೆ ಮಾತ್ರ ತಿಳಿದಿರಲಿಲ್ಲ.

"ಆದ್ರ ಅವ ಬರಬೇಕಲ್ಲವ್ವ," ಬಸ್ಸಮ್ಮ ನಿಟ್ಟುಸಿರಿಟ್ಟಳು. "ದೀಪಾವಳಿ ತನಕ ತಡೀತಾರ. ಮುಂದ ನಾ ಏನು ಹೇಳಲಿ?"

* * *

ಕೊಡ್ಲಿಯ ಒಂದು ಮದುವೆ ಮನೆಗೆ ಸಾಯಬಣ್ಣನನ್ನು ಖೇಲಿಗೆ ಕರೆದಿದ್ದರು.

ಹೊಸ ಮದುಮಗಳು ಹೊಸ್ತಿಲ ಬಳಿ ಬಂದಾಗ ಹೆಂಗಸರು ಅಡ್ಡಗಟ್ಟಿದರು.

"ಗಂಡನ ಹೆಸರು ಹೇಳು! ಇಲ್ಲಂದ್ರ ಒಳಗ ಬಿಡಂಗಿಲ್ಲ! ಒಡಪು ಹಾಕಿ, ಪ್ರಾಸದ ಪದ ಕಟ್ಟಿ ಹೇಳವ್ವ!"

ಇಂಥ ಆಟವನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಆದರೆ ಅಂದು...

ಮದುಮಗಳ ತುಟಿ ಬಿಗಿದಿತ್ತು. ಕಣ್ಣು ನೆಲದಲ್ಲಿ. ಕೈಯಲ್ಲಿ ಸೆರಗಿನ ತುದಿ.

ಸಾಯಬಣ್ಣನ ಎದೆಯ ಮೇಲೆ ಶಹಾಬಾದದ ಗಣಿಯೇ ಕುಸಿದಂತಾಯಿತು!

'ಹೀರಾ... ನೀ ಹೇಳಿದ್ದಿ! ಎಲ್ಲರೆದುರೇ ಹೇಳಿದ್ದಿ! ನಾನೇ ಕಿವುಡ!'

ಖೇಲು ಅಲ್ಲಿಗೇ ಬಿಟ್ಟು ಓಡಿದ. ಸೇಡಂ ತನಕ ಅವನು ಹತ್ತಿದ ಗಾಡಿಯ ಎತ್ತುಗಳು ಕುದುರೆಗಳಾದವು. ರೈಲು ಚಿತ್ತಾಪುರದಲ್ಲಿ ನಿಂತಾಗ, ಇಳಿದು ದೂಡಲೇ ಎಂದು ಗಾರ್ಡನನ್ನು ಕೇಳಿದ!

ವಾಡಿಯಲ್ಲಿ ರೈಲು ಇನ್ನೂ ನಿಂತಿರಲಿಲ್ಲ, ಅವನು ಹಾರಿ ಇಳಿದ.

ಹೀರಾ ತಲೆ ಎತ್ತಿದಳು. ಲೋಕದ ಸದ್ದೆಲ್ಲ ಅಡಗಿತು.

ಇವರು ಬಂದರು...

"ಸೊರಗೀರಿ," ಎಂದಳು.

"ನೀನೂ." ಅವನು ಏದುಸಿರು ಬಿಡುತ್ತ ಎದುರು ಕುಳಿತ. "ಹೀರಾ, ಈ ಸಲ ನಿನಗ ಹೆಸರು ಕೇಳಂಗಿಲ್ಲ. ನಾನೇ ಹೇಳ್ತೀನಿ. ನಿನ್ನ ಮನಸ್ಸಿನ್ಯಾಗ ಇದ್ದಾಂವ... ನಾ. ತಪ್ಪಾಗಿದ್ರ ಇದೇ ರೈಲು ಹತ್ತಿ ಹೋಗ್ತೀನಿ, ಮತ್ತ ಮಾರಿ ತೋರಸಂಗಿಲ್ಲ."

ಆಕೆಯ ಕಣ್ಣು ತುಂಬಿ ಬಂದವು.

"ಮತ್ತ ಸುಮ್ನ ಕುಂತಿ! ಏನರೆ ಅನ್ನು!"

"ಅವತ್ತು ಸುಮ್ನ ನಿಂತಾಗೇ ಎಲ್ಲಾ ಅಂದಿದ್ದೆ," ಹೀರಾ ಬಿಕ್ಕಿದಳು. "ಇಡೀ ಶಹಾಬಾದಕ್ಕ ತಿಳೀತು, ನಿಮಗ ತಿಳೀಲಿಲ್ಲ. ಆಣಿ ಬ್ಯಾರೆ ಹಾಕಿದ್ರಿ! ಅಂಬಿಗರ ಹುಡುಗಿ ಹೊಳಿ ಆಣಿ ಮ್ಯಾಲ ಸುಳ್ಳು ಹೇಳಬೇಕಿತ್ತೇನ್ರಿ?"

"ತಪ್ಪಾತು. ಖೇಲಿನ ಹುಚ್ಚಿನ್ಯಾಗ ನಾ ಹೊಳೀ ಮಗ ಅನ್ನೋದೇ ಮರತೆ." ಅವನ ಕಣ್ಣಲ್ಲೂ ನೀರು. "ಕಂಪನಿ ಇಲ್ಲ, ಹೆಸರಿಲ್ಲ. ಕಲ್ಲು ತಿಕ್ಕತೀನಿ, ಸಂತ್ಯಾಗ ಖೇಲು ಮಾಡ್ತೀನಿ. ಇಂಥವನ ಸಂಗಾಟ ಬರ್ತಿಯೇನು?"

ಹೀರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುತ್ತ ಯಾರೂ ಕೇಳುತ್ತಿಲ್ಲವೆಂದು ನೋಡಿಕೊಂಡಳು. ಫಕೀರಸಾಬ ಬುದ್ಧಿವಂತ, ತನ್ನ ಟ್ರಂಕಿನೊಳಗೆ ಕುತ್ತಿಗೆಯ ತನಕ ಮುಖ ಹುದುಗಿಸಿಬಿಟ್ಟ!

ಆಕೆ ಇನ್ನಷ್ಟು ಹತ್ತಿರ ಬಾಗಿ, ಉಸಿರಿನಷ್ಟೇ ಮೆಲ್ಲಗೆ ಅಂದಳು...

"ಕಾಗಿಣಾ ಹೊಳಿಯಾಗ ಉಸುಕು ಭಾಳ ಸಣ್ಣ,
ಕಟ್ಟಿಟ್ಟ ತುಟಿಯಾಗಿನ ಹೆಸರು ಸಾಯಬಣ್ಣ."

ಅವನು ಕಣ್ಣು ಮುಚ್ಚಿದ. ತನ್ನ ಹೆಸರು ಇಷ್ಟು ಚೆಂದವೆಂದು ಹುಟ್ಟಿದಾಗಿನಿಂದ ಅವನಿಗೆ ಗೊತ್ತೇ ಇರಲಿಲ್ಲ.

"ಇನ್ನೊಮ್ಮೆ ಹೇಳು, ಹೀರಾ..."

"ಹುಚ್ಚ ಹಿಡದದೇನ್ರಿ? ದಿನಾ ಹೇಳೋ ಹೆಸರೇನು ಅದು!" ಆಕೆ ನಾಚಿ ಮುಖ ತಿರುಗಿಸಿದಳು. "ಬಂದು ಅವ್ವನ ಕೇಳ್ರಿ. ನಿಮ್ಮ ಮನಿ ಹೊಸ್ತಿಲ ಮ್ಯಾಲ ನಿಂತು ಹೇಳ್ತೀನಿ."